ಅಲಂಕಾರದ ಮೀನು: ಜಾಗ ಮೊದಲು, ಮರಿ ಆಮೇಲೆ

ಮೀನು ಎಂಬ ಮಾತು ಕೇಳಿದೊಡನೆ ನಮ್ಮ ಮನೆಗಳ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ನಾವಿಲ್ಲಿ ಹೇಳಹೊರಟಿರುವುದು ಒಲೆಯ ಮೇಲೇರುವ ಮೀನಿನ ವಿಷಯವನ್ನಲ್ಲ. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಮಕ್ಕಳ ಕಣ್ಣು ತಣಿಸುವ ಗಪ್ಪಿ, ಮೋಲಿ, ಪ್ಲಾಟಿಗಳ ವಿಷಯವನ್ನು. ಕೆರೆಯ ಹೆಸರನ್ನೇ ಹೊತ್ತ ಹಿರೇಕೆರೂರಿನಲ್ಲಿ ಇದನ್ನು ಹಿತ್ತಲ ಉಪಕಾಯಕವಾಗಿ ಕೈಗೊಳ್ಳಬಯಸುವ ತಾಯಂದಿರು ಮೊದಲು ಒಂದು ಲೆಕ್ಕ ಹಾಕಬೇಕು.

ಗಪ್ಪಿ ನೇರವಾಗಿ ಮರಿ ಹಾಕುವ ಜಾತಿ. ಸುಮಾರು ನಾಲ್ಕು ವಾರಗಳಿಗೊಂದು ಸೂಲು; ಒಮ್ಮೆ ಗಂಡಿನೊಡನೆ ಕೂಡಿದ ಹೆಣ್ಣು ಮುಂದೆ ಗಂಡಿಲ್ಲದೆಯೂ ಹಲವು ಸೂಲು ಹಾಕಬಲ್ಲದು. ಸೂಲಿಗೆ 30 ಮರಿ ಎಂದು ಹಿಡಿದರೂ ನಾಲ್ಕು ಹೆಣ್ಣುಗಳಿಂದ ತಿಂಗಳಿಗೆ 120. ಮಾರುವ ಗಾತ್ರಕ್ಕೆ ಬರಲು ಮೂರು ತಿಂಗಳೆಂದರೆ ಮನೆಯಲ್ಲಿ ಸದಾ 360 ಮೀನುಗಳಿರುತ್ತವೆ. ಒಂದೊಂದಕ್ಕೆ ಎರಡು ಲೀಟರ್ ನೀರಿನಂತೆ 720 ಲೀಟರ್ ಬೇಕು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 190 ಲೀಟರ್; ಅಂದರೆ ಮರಿಗಳಿಗೇ ನಾಲ್ಕು ತೊಟ್ಟಿಗಳು! ನೀರಿನ ಭಾರವೇ ತೊಟ್ಟಿಗೆ 190 ಕಿಲೋ ಆಗುವುದರಿಂದ ಅಟ್ಟದ ಮೇಲೆ ಇಡುವಂತಿಲ್ಲ. ತಾಯಿ ತನ್ನ ಮರಿಯನ್ನೇ ನುಂಗುವುದರಿಂದ ಅದಕ್ಕೆ ಬೇರೆ ತೊಟ್ಟಿ. ಎರಡೇ ಜೊತೆ ತಂದು, ಕೊನೆಗೆ ಬಚ್ಚಲಿನ ಬಕೆಟುಗಳನ್ನೂ ಮೀನಿಗೆ ಬಿಟ್ಟುಕೊಟ್ಟ ಅನುಭವ ನಮಗೂ ಉಂಟು.

ಮಾರಾಟವಾಗದ ಮರಿಗಳನ್ನು ಕೆರೆಗೆ ಬಿಟ್ಟರಾಯಿತು, ಪುಣ್ಯವೂ ಬಂದೀತು ಎನ್ನುವವರಿದ್ದಾರೆ. ಅದು ದಯೆಯಲ್ಲ. ದಕ್ಷಿಣ ಅಮೆರಿಕ ಮೂಲದ ಗಪ್ಪಿ ಕೆರೆಯಲ್ಲಿ ಹೆಚ್ಚಿದರೆ ಅಲ್ಲಿನ ಸಣ್ಣ ಜೀವಿಗಳ ಆಹಾರಕ್ಕೆ ಸಂಚಕಾರ. ಮರಿಗಳು ಬಲಿಯುವ ಮೊದಲೇ ಗಂಡು, ಹೆಣ್ಣುಗಳನ್ನು ಬೇರ್ಪಡಿಸುವುದೇ ಸರಿಯಾದ ದಾರಿ.

ಆದ್ದರಿಂದ ಮೀನು ತರುವ ಮುನ್ನವೇ ರಾಣೇಬೆನ್ನೂರು, ಹಾವೇರಿ, ದಾವಣಗೆರೆಗಳ ಅಂಗಡಿಯವರನ್ನು ಕಂಡು, ತಿಂಗಳಿಗೆ ಎಷ್ಟು ಕೊಳ್ಳುವರೆಂದು ವಿಚಾರಿಸುವುದು ಲೇಸು. ಅವರು ಹೆಚ್ಚಾಗಿ ಕೇಳುವುದು ಬಣ್ಣದ ಗಂಡುಗಳನ್ನು. ಹುಟ್ಟುವವುಗಳಲ್ಲಿ ಸುಮಾರು ಅರ್ಧ ಹೆಣ್ಣು ಎಂಬುದನ್ನು ಮರೆತವರ ಲಾಭದ ಲೆಕ್ಕ ತಲೆಕೆಳಗಾಗುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲ ಅಲಂಕಾರಿಕ ಮೀನು ಘಟಕಗಳಿಗೂ ಸಹಾಯಧನವನ್ನು ಸೇರಿಸಲಾಯಿತು; ಈಗಿನ ನಿಯಮಗಳನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ತಿಳಿಯಬಹುದು.

ಸಾಗಿಸುವ ಹಿಂದಿನ ದಿನ ಮೀನುಗಳಿಗೆ ಆಹಾರ ಹಾಕಬಾರದು. ಚೀಲದ ನೀರು ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದುದು ಆಮ್ಲಜನಕ. ಬಿಸಿಲೇರುವ ಮುನ್ನ ಮೊದಲ ಬಸ್ಸು ಹಿಡಿದರೆ ಒಳ್ಳೆಯದು.