ಸಿಕ್ಸ್ತ್ ಫಾರ್ಮ್ ಅಂದರೆ ಆರನೇ ಕ್ಲಾಸ್ ಅಲ್ಲ

ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಒಂದು ಇಂಗ್ಲಿಷ್ ಕಥೆ ಪುಸ್ತಕ ಉಂಟು. ಅದರಲ್ಲಿ ಸಿಕ್ಸ್ತ್ ಫಾರ್ಮಿನ ಹುಡುಗಿಯೊಬ್ಬಳು ಕಾರು ಓಡಿಸಿಕೊಂಡು ಶಾಲೆಗೆ ಬರುತ್ತಾಳೆ. ನಾನು ಅದನ್ನು ನೋಡಿ, ಇಂಗ್ಲೆಂಡಿನಲ್ಲಿ ಆರನೇ ಕ್ಲಾಸಿನವರು ಕಾರು ಬಿಡ್ತಾರೆ ಅಂತ ಕ್ಲಾಸಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಹಿಂದಿನ ಬೆಂಚಿನವರು ಎರಡು ದಿನ ನನ್ನನ್ನು 'ಡ್ರೈವರ್' ಅಂತಲೇ ಕರೆದರು. ಆಮೇಲೆ ಟೀಚರ ಹತ್ತಿರ ಕೇಳಿ, ಅವರು ಕೊಟ್ಟ ಪುಸ್ತಕ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಕ್ಕವರು ತಪ್ಪದೆ ಓದಬೇಕು.

ಇಂಗ್ಲೆಂಡಿನ ಮಕ್ಕಳು ಸಾಮಾನ್ಯವಾಗಿ 11ನೇ ವಯಸ್ಸಿಗೆ ಪ್ರೈಮರಿ ಮುಗಿಸಿ ಸೆಕೆಂಡರಿ ಶಾಲೆ ಸೇರುತ್ತಾರೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ ಅಲ್ಲ, ಸೆಪ್ಟೆಂಬರದಲ್ಲಿ. ಹಿಂದೆ ಸೆಕೆಂಡರಿಯ ಮೊದಲನೇ ವರ್ಷಕ್ಕೆ ಫಸ್ಟ್ ಫಾರ್ಮ್, ಎರಡನೆಯದಕ್ಕೆ ಸೆಕೆಂಡ್ ಫಾರ್ಮ್ ಎಂದು ಲೆಕ್ಕ. ಹೀಗೆ ಐದು ಫಾರ್ಮ್ ಆಗುವಾಗ 16 ವರ್ಷ ತುಂಬುತ್ತದೆ. ಅದರ ನಂತರದ್ದೇ ಸಿಕ್ಸ್ತ್ ಫಾರ್ಮ್. ಇದು ಮಾತ್ರ ಎರಡು ವರ್ಷ, ಲೋವರ್ ಸಿಕ್ಸ್ತ್ ಮತ್ತು ಅಪ್ಪರ್ ಸಿಕ್ಸ್ತ್. ಈಗ ಕ್ಲಾಸುಗಳನ್ನು ಇಯರ್ 7ರಿಂದ ಇಯರ್ 13ರ ತನಕ ಎಣಿಸುತ್ತಾರೆ. ಆದರೂ ಕೊನೆಯ ಎರಡು ವರ್ಷಕ್ಕೆ ಹಳೇ ಹೆಸರೇ ಉಳಿದಿದೆ. ಅಂದರೆ ಅದು ನಮ್ಮ ಪಿ.ಯು.ಸಿ. ಇದ್ದ ಹಾಗೆ. ಅಲ್ಲಿ 17 ವರ್ಷಕ್ಕೆ ಕಾರಿನ ಲೈಸೆನ್ಸ್ ಪಡೆಯಬಹುದು. ಕಥೆಯಲ್ಲಿ ಸುಳ್ಳು ಇರಲಿಲ್ಲ!

ಫಾರ್ಮ್ ಎಂಬ ಇಂಗ್ಲಿಷ್ ಪದಕ್ಕೆ ಉದ್ದ ಬೆಂಚು ಎಂಬ ಅರ್ಥವೂ ಉಂಟಂತೆ. ನಮ್ಮ ಅಜ್ಜನಿಗೆ (ಅಪ್ಪನ ದೊಡ್ಡಪ್ಪ, 87 ವರ್ಷ) ಇದನ್ನು ಹೇಳಿದರೆ, "ಎಂತ ಹೊಸ ವಿಷಯ ಮಾರಾಯ್ತಿ, ನಾನು ಫಿಫ್ತ್ ಫಾರ್ಮಿಗೆ ಶಾಲೆ ಬಿಟ್ಟವ" ಅಂದರು. 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಆಗ ಇಲ್ಲಿಯೂ ಫಾರ್ಮ್ ಲೆಕ್ಕವೇ ಇತ್ತು. ಆದರೆ ಇಲ್ಲಿ ಸಿಕ್ಸ್ತ್ ಫಾರ್ಮ್ ಅಂದರೆ ಎಸ್ಸೆಸ್ಸೆಲ್ಸಿ, ಅಲ್ಲಿಗೆ ಶಾಲೆ ಮುಗಿಯಿತು.

16 ವರ್ಷಕ್ಕೆ ಅಲ್ಲಿ ಜಿ.ಸಿ.ಎಸ್.ಇ. ಎಂಬ ಪರೀಕ್ಷೆ ಉಂಟು. ಎಂಟೋ ಒಂಬತ್ತೋ ವಿಷಯ ಇರುತ್ತದೆ. ಈಗ ಗ್ರೇಡನ್ನು 9ರಿಂದ 1ರ ತನಕ ಕೊಡುತ್ತಾರೆ. 9 ಬಂದವನೇ ಜಾಣ, 1 ಬಂದವನು ಫಸ್ಟ್ ಅಂತ ಖುಷಿಪಡುವ ಹಾಗಿಲ್ಲ. ಗಣಿತ, ಇಂಗ್ಲಿಷಿನಲ್ಲಿ 4 ಬಾರದಿದ್ದರೆ ಮುಂದೆ ಓದುವಾಗಲೂ ಅದನ್ನು ಬಿಡುವ ಹಾಗಿಲ್ಲ, ಕಲಿಯಲೇಬೇಕು.

ಸಿಕ್ಸ್ತ್ ಫಾರ್ಮಿನಲ್ಲಿ 'ಎ ಲೆವೆಲ್' ಓದುತ್ತಾರೆ. ಈ ಪರೀಕ್ಷೆ 1951ರಲ್ಲಿ ಶುರುವಾದದ್ದು. ಇದರಲ್ಲಿ ಸಾಮಾನ್ಯವಾಗಿ ಮೂರೇ ವಿಷಯ! ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಬೇಲಿಯೂ ಇಲ್ಲ. ಶಾಲೆಯಲ್ಲಿ ಕಲಿಸುವುದಾದರೆ ಭೌತಶಾಸ್ತ್ರದ ಜೊತೆ ಸಂಗೀತವನ್ನೂ ತೆಗೆದುಕೊಳ್ಳಬಹುದು. ವಿಷಯ ಕಡಿಮೆ ಅಂತ ಸುಲಭ ಅಲ್ಲ, ಪ್ರತಿಯೊಂದನ್ನೂ ತುಂಬ ಆಳವಾಗಿ ಓದಬೇಕು. ನಡುವೆ ಪಾಠ ಇಲ್ಲದ ಪೀರಿಯಡ್ ಇರುತ್ತದೆ, ಆಗ ಅವರೇ ಕೂತು ಓದಿಕೊಳ್ಳಬೇಕು. (ನಮಗೆ ಅಂಥ ಪೀರಿಯಡ್ ಸಿಕ್ಕಿದರೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು.) ಎಷ್ಟೋ ಶಾಲೆಗಳಲ್ಲಿ ಇವರಿಗೆ ಯೂನಿಫಾರ್ಮ್ ಕೂಡ ಇಲ್ಲ.

ಈಗ ಅಲ್ಲಿನ ಹೆಚ್ಚಿನ ಸರ್ಕಾರಿ ಸೆಕೆಂಡರಿ ಶಾಲೆಗಳಲ್ಲಿ ಹುಡುಗ ಹುಡುಗಿಯರು ಒಟ್ಟಿಗೇ ಓದುತ್ತಾರೆ. ಮೊದಲು ಹಾಗೆ ಇರಲಿಲ್ಲ. ದೊಡ್ಡ ಹೆಸರಿನ ಖಾಸಗಿ ಶಾಲೆಗಳೆಲ್ಲ ಗಂಡುಮಕ್ಕಳಿಗೇ ಇದ್ದವು. ಅವುಗಳಿಗೆ 'ಪಬ್ಲಿಕ್ ಸ್ಕೂಲ್' ಅಂತ ಹೆಸರು, ಆದರೆ ಫೀಸು ಮಾತ್ರ ಪಬ್ಲಿಕ್‌ಗೆ ಕೊಡಲು ಆಗುವಂಥದ್ದಲ್ಲ. ಬಿಡೇಲ್ಸ್ ಎಂಬ ಶಾಲೆ 1893ರಲ್ಲಿ ಗಂಡುಮಕ್ಕಳಿಗಾಗಿ ಶುರುವಾಗಿ, 1898ರಲ್ಲೇ ಹುಡುಗಿಯರನ್ನು ಸೇರಿಸಿಕೊಂಡಿತು. ಉಳಿದವರು ತುಂಬ ತಡ ಮಾಡಿದರು. ಮಾರ್ಲ್‌ಬರೋ ಕಾಲೇಜು ಎಂಬ ಶಾಲೆ 1968ರಲ್ಲಿ ಹುಡುಗಿಯರಿಗೆ ಬಾಗಿಲು ತೆರೆಯಿತು, ಅದೂ ಸಿಕ್ಸ್ತ್ ಫಾರ್ಮಿಗೆ ಮಾತ್ರ. ಎಲ್ಲ ಕ್ಲಾಸಿಗೂ ಸೇರಿಸಿಕೊಂಡದ್ದು 1989ರಲ್ಲಿ. ಅಂದರೆ ಅಲ್ಲಿ ಹುಡುಗಿಯರು ಒಳಗೆ ಬಂದದ್ದು ಮೇಲಿನ ಕ್ಲಾಸಿನಿಂದ! ನಮ್ಮ ಕಡೆ ಇದರ ಉಲ್ಟಾ. ಏಳನೇ ತನಕ ಎಲ್ಲರೂ ಒಂದೇ ಕೋಣೆಯಲ್ಲಿ ಕೂರುತ್ತೇವೆ, ದೊಡ್ಡವರಾದ ಮೇಲೆ ಮನೆಯವರಿಗೆ ಯೋಚನೆ ಶುರುವಾಗುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಒಂದು ಕಾನೂನು. ಇಂಗ್ಲೆಂಡಿನಲ್ಲಿ 1947ರಿಂದ 15 ವರ್ಷದ ತನಕ, 1972ರಿಂದ 16 ವರ್ಷದ ತನಕ ಶಾಲೆ ಕಡ್ಡಾಯವಾಯಿತು. 2015ರಿಂದ 18 ವರ್ಷ ತುಂಬುವ ತನಕ ಏನಾದರೂ ಕಲಿಯುತ್ತಿರಲೇಬೇಕು. ಸಿಕ್ಸ್ತ್ ಫಾರ್ಮೇ ಆಗಬೇಕೆಂದಿಲ್ಲ. ಕಾಲೇಜಿಗೆ ಹೋಗಬಹುದು, ಕೆಲಸ ಮಾಡುತ್ತಾ ಕಸುಬು ಕಲಿಯಬಹುದು. ಕೆಲಸಕ್ಕೆ ಸೇರಿದರೂ ಜೊತೆಗೆ ಓದು ಬೇಕು. ಸರ್ಕಾರಿ ಶಾಲೆಯ ಸಿಕ್ಸ್ತ್ ಫಾರ್ಮಿಗೆ ಫೀಸು ಇಲ್ಲ. ನಮ್ಮಲ್ಲಿ 2009ರ ಕಾನೂನು 14 ವರ್ಷದ ತನಕ ಮಾತ್ರ.

ನಮ್ಮ ಅಕ್ಕನಿಗೆ 16 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ಕಾಲೇಜು ದೂರ, ಸಂಜೆಯ ಬಸ್ಸು ತಡ, ಹುಡುಗರೂ ಇರುವ ಕಾಲೇಜು ಎಂದು ಮನೆಯಲ್ಲಿ ಮಾತಾಯಿತು. ಕಳೆದ ವರ್ಷದಿಂದ ಗೆರಸೆ ಮಡಿಲಲ್ಲಿ ಇಟ್ಟುಕೊಂಡು ಬೀಡಿ ಕಟ್ಟುತ್ತಾಳೆ. ಈ ಲೇಖನವನ್ನು ಮೊದಲು ಅವಳಿಗೇ ಓದಿ ಹೇಳಿದೆ. ಅವಳು ಕೈ ನಿಲ್ಲಿಸದೆ, "ಮೂರೇ ವಿಷಯವಾ? ನಾನಾದ್ರೆ ಗಣಿತ, ಇತಿಹಾಸ, ಚಿತ್ರಕಲೆ" ಅಂದಳು. ಅಮ್ಮ ಅಲ್ಲೇ ಎಲೆ ಕತ್ತರಿಸುತ್ತಾ ಇದ್ದರು, ಏನೂ ಹೇಳಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ಮಾತ್ರ, ಒಂದು ವರ್ಷ ಬಿಟ್ಟವರು ಪಿ.ಯು.ಸಿ.ಗೆ ಸೇರಬಹುದಾ, ಅರ್ಜಿಗೆ ಕೊನೆಯ ದಿನ ಯಾವಾಗ ಅಂತ ಹೆಡ್‌ಮಾಷ್ಟ್ರ ಹತ್ತಿರ ಕೇಳಿಕೊಂಡು ಬಾ ಎಂದರು.

ಸರ್, ನಿಮ್ಮ ಎದುರು ನಿಂತು ಕೇಳಲು ನನಗೆ ನಾಚಿಕೆ. ಇದನ್ನು ಓದಿದರೆ ದಯವಿಟ್ಟು ತಿಳಿಸಿ.