ಎತ್ತಿನ ಗೊರಕೆಗೆ ಮೂಲ ಕೆರೆಯ ನೀರಿನಲ್ಲಿ

ಜಗಲಿಯ ಮೇಲೆ ಮಲಗಿದ ನಾಯಿ ಗೊರಕೆ ಹೊಡೆದರೆ ಯಾರೂ ಚಿಂತಿಸುವುದಿಲ್ಲ. ಆದರೆ ನೊಗಕ್ಕೆ ಕಟ್ಟಿದ ಎತ್ತು ಎಚ್ಚರವಾಗಿರುವಾಗಲೇ ಗೊರಗೊರ ಸದ್ದು ಮಾಡತೊಡಗಿದರೆ ಅದು ನಿದ್ರೆಯ ಗೊರಕೆಯಲ್ಲ, ರೋಗ. ದಕ್ಷಿಣ ಭಾರತದ ಕೆರೆ ಬಯಲುಗಳಲ್ಲಿ, ಭತ್ತದ ಗದ್ದೆಗಳ ಆಸುಪಾಸಿನಲ್ಲಿ ಇದು ಹಳೆಯ ಪಿಡುಗು. ಇದರ ಹೆಸರೇ ಗೊರಕೆ ರೋಗ.

ಈ ರೋಗ ಒಮ್ಮೆಲೇ ಕಾಣಿಸಿಕೊಳ್ಳುವುದಿಲ್ಲ. ಮೊದಲು ಮೂಗಿನಿಂದ ನೀರು ಸೋರುತ್ತದೆ, ರಾಸು ಆಗಾಗ ಸೀನುತ್ತದೆ, ಮೂಗನ್ನು ಗೋದಲಿಗೆ ಉಜ್ಜುತ್ತದೆ. ನೆಗಡಿಯೆಂದು ಸುಮ್ಮನಾಗುವವರೇ ಹೆಚ್ಚು. ಕೆಲವರು ಮೂಗುದಾರದ ಗಾಯವೆಂದು ಎಣ್ಣೆ ಅರಿಸಿನ ಹಚ್ಚುತ್ತಾರೆ. ತಿಂಗಳುಗಳು ಕಳೆದಂತೆ ಸಿಂಬಳ ಗಟ್ಟಿಯಾಗಿ ಕೀವಿನಂತಾಗುತ್ತದೆ. ಒಮ್ಮೊಮ್ಮೆ ರಕ್ತವೂ ಬೆರೆತಿರುತ್ತದೆ. ಮೂಗಿನ ಒಳಪೊರೆಯಲ್ಲಿ ಎದ್ದ ಸಣ್ಣ ಗುಳ್ಳೆಗಳು ಬರಬರುತ್ತಾ ಹೂಕೋಸಿನಂತಹ ಗಡ್ಡೆಗಳಾಗುತ್ತವೆ. ಗಾಳಿಯ ದಾರಿ ಕಿರಿದಾದಷ್ಟೂ ಗೊರಕೆ ಜೋರಾಗುತ್ತದೆ. ಇದರಿಂದ ರಾಸು ಸಾಯುವುದು ವಿರಳ. ಆದರೆ ನಾಲ್ಕು ಸಾಲು ಉಳುವಷ್ಟರಲ್ಲಿ ಏದುಸಿರು ಬಿಡುವ ಎತ್ತನ್ನು ಕಟ್ಟಿಕೊಂಡು ಬೇಸಾಯ ಸಾಗದು, ಜಾತ್ರೆಗೆ ಹೊಡೆದುಕೊಂಡು ಹೋದರೆ ಬೆಲೆಯೂ ಬಾರದು.

ಈ ರೋಗಕ್ಕೆ ಕಾರಣ ಮೂಗಿನ ಒಳಪೊರೆಯ ರಕ್ತನಾಳಗಳಲ್ಲಿ ವಾಸಿಸುವ ಒಂದು ಸಣ್ಣ ಜಂತು. ಮದರಾಸು ಪ್ರಾಂತ್ಯದ ದನಗಳಲ್ಲಿ ಇದನ್ನು ಕಂಡ ಎಂ. ಎ. ಎನ್. ರಾವ್ ಅವರು 1933ರಲ್ಲಿ ಇದರ ವಿವರಣೆ ಪ್ರಕಟಿಸಿ ‘ಷಿಸ್ಟೊಸೋಮ ನೇಸಾಲೆ’ ಎಂದು ಹೆಸರಿಟ್ಟರು. ಹೆಣ್ಣು ಜಂತು ಇಟ್ಟ ಮೊಟ್ಟೆಗಳು ಒಳಪೊರೆಯಲ್ಲಿ ಸಿಕ್ಕಿಕೊಂಡು, ಅವುಗಳ ಸುತ್ತ ಮಾಂಸ ಬೆಳೆಯುವುದರಿಂದ ಗಡ್ಡೆಗಳಾಗುತ್ತವೆ. ಉಳಿದ ಮೊಟ್ಟೆಗಳು ಸಿಂಬಳದೊಡನೆ ಹೊರಬೀಳುತ್ತವೆ.

ಹೊರಬಿದ್ದ ಮೊಟ್ಟೆ ನೀರು ಸೇರಬೇಕು, ಇಲ್ಲದಿದ್ದರೆ ಅದರ ವಂಶ ಅಲ್ಲಿಗೇ ಮುಗಿಯಿತು. ಕೆರೆಯಲ್ಲಿ ನೀರು ಕುಡಿಯಲು ಬಗ್ಗಿದ ರಾಸು ಒಮ್ಮೆ ಸೀನಿದರೆ ಸಾಕು. ನೀರಿನಲ್ಲಿ ಒಡೆದ ಮೊಟ್ಟೆಯಿಂದ ಬಂದ ಮರಿ ಒಂದು ಜಾತಿಯ ಬಸವನಹುಳುವನ್ನು ಹುಡುಕಿ ಒಳಸೇರುತ್ತದೆ. ಚಪ್ಪಟೆಯಾಗಿ ಸುರುಳಿ ಸುತ್ತಿದ, ಹೆಬ್ಬೆರಳ ಉಗುರಿನಷ್ಟಗಲದ ಈ ಕಂದು ಹುಳುವನ್ನು ಕಾಣದ ಭತ್ತದ ರೈತನಿಲ್ಲ. ಜೊಂಡು, ಪಾಚಿ ತುಂಬಿದ ನಿಂತ ನೀರೆಂದರೆ ಅದಕ್ಕೆ ಇಷ್ಟ. ಕೆಲವು ವಾರಗಳಲ್ಲಿ ಅದರ ಮೈಯೊಳಗೆ ಒಂದು ಮರಿ ನೂರಾರಾಗಿ, ಕವಲು ಬಾಲದ ಮರಿಗಳು ಮತ್ತೆ ನೀರಿಗೆ ಬರುತ್ತವೆ. ನೀರಿನಲ್ಲಿ ನಿಂತ ದನದ ಚರ್ಮವನ್ನು ಕೊರೆದು ಅವು ಒಳಹೊಗುತ್ತವೆ; ರಕ್ತದೊಡನೆ ಸಾಗಿ ಕೊನೆಗೆ ಮೂಗನ್ನು ತಲಪುತ್ತವೆ. ದನಕ್ಕೆ ಅಂಟುವ ಇದೇ ಬಳಗದ ಮರಿಗಳು ಕೆಸರು ಗದ್ದೆಯಲ್ಲಿ ನಿಂತವರ ಕಾಲನ್ನೂ ಚುಚ್ಚಿ ತುರಿಕೆ ತರುತ್ತವೆ. ಮನುಷ್ಯನ ಮೈಯಲ್ಲಿ ಅವು ಮುಂದೆ ಬೆಳೆಯುವುದಿಲ್ಲ.

ಎಮ್ಮೆಗಳ ಮಾತೇ ಬೇರೆ. ಅವುಗಳಿಗೂ ಈ ಜಂತು ಅಂಟುತ್ತದೆ, ಆದರೆ ಹೆಚ್ಚಿನವು ಗೊರಕೆ ಹೊಡೆಯುವುದಿಲ್ಲ. ಹೊರಗೆ ಆರೋಗ್ಯವಾಗಿ ಕಾಣುವ ಎಮ್ಮೆ ದಿನವಿಡೀ ಕೆರೆಯಲ್ಲಿ ಮುಳುಗಿದ್ದು ಮೊಟ್ಟೆ ಹರಡುತ್ತಿರಬಹುದು. ಗೊರಕೆಯ ಎತ್ತೊಂದಕ್ಕೇ ಮದ್ದು ಕೊಡಿಸಿ ಎಮ್ಮೆಯನ್ನು ಮರೆತರೆ ಮುಂದಿನ ಹಂಗಾಮಿಗೆ ಅದೇ ಗೋಳು.

ಎಲ್ಲ ಗೊರಕೆಯೂ ಇದೇ ರೋಗವಲ್ಲ. ಮಲೆನಾಡಿನಲ್ಲಿ ಜಿಗಣೆ ಮೂಗು ಹೊಕ್ಕರೂ ಸೀನು, ರಕ್ತ ಕಾಣುತ್ತವೆ. ವಿಪರೀತ ಜ್ವರ, ಗಂಟಲ ಬಾವಿನೊಡನೆ ಒಂದೇ ದಿನದಲ್ಲಿ ಗೊರಗೊರ ಸದ್ದು ಹುಟ್ಟಿದರೆ ಅದು ಗಳಲೆ ರೋಗವಿರಬಹುದು. ಆಗ ಗಂಟೆಗಳ ಲೆಕ್ಕದಲ್ಲಿ ವೈದ್ಯರನ್ನು ಕರೆಯಬೇಕು. ಸಂದೇಹವಿದ್ದರೆ ಸಿಂಬಳವನ್ನು ಶುದ್ಧ ಸೀಸೆಯಲ್ಲಿ ಹಿಡಿದು ಪಶು ಆಸ್ಪತ್ರೆಗೆ ಒಯ್ಯುವುದು ಲೇಸು. ಸೂಕ್ಷ್ಮದರ್ಶಕದಲ್ಲಿ ಬಿಲ್ಲಿನಂತೆ ಬಾಗಿದ ಮೊಟ್ಟೆಗಳು ಕಂಡರೆ ಸಂಶಯ ತೀರಿತು.

ಗಡ್ಡೆಯನ್ನು ಕಡ್ಡಿಯಿಂದ ಕೆರೆಯುವುದು, ಮೂಗಿಗೆ ಹೊಗೆಸೊಪ್ಪಿನ ರಸ ಬಿಡುವುದು, ಬರೆ ಹಾಕುವುದು ರಾಸಿಗೆ ಬರಿಯ ಹಿಂಸೆ. ಜಂತು ಇರುವುದು ರಕ್ತನಾಳದೊಳಗೆ; ಹೊರಗಿನ ಮದ್ದು ಅಲ್ಲಿಗೆ ಮುಟ್ಟುವುದಿಲ್ಲ. ಬಹುಕಾಲದಿಂದ ಬಳಕೆಯಲ್ಲಿರುವ ಆಂಟಿಮನಿ ಚುಚ್ಚುಮದ್ದನ್ನು ದಿನಗಳ ಅಂತರದಲ್ಲಿ ಹಲವು ಬಾರಿ ಕೊಡಬೇಕಾಗುತ್ತದೆ. ಪ್ರಾಜಿಕ್ವಾಂಟೆಲ್ ಎಂಬ ಔಷಧವೂ ಉಂಟು. ಯಾವುದು, ಎಷ್ಟು ಎಂಬುದು ರಾಸಿನ ತೂಕ ನೋಡಿ ವೈದ್ಯರು ನಿರ್ಧರಿಸುವ ವಿಷಯ. ಎರಡು ಸೂಜಿಗೆ ಗೊರಕೆ ತಗ್ಗಿತೆಂದು ಉಳಿದವನ್ನು ಬಿಡಬಾರದು.

ರೋಗ ಮರುಕಳಿಸದಿರಲು ಕೆಲಸವಿರುವುದು ನೀರಿನ ಬಳಿ. ಸಿಂಬಳ ಸೋರುವ ರಾಸನ್ನು ಕೆರೆಗಿಳಿಸದೆ ಬಾವಿ ಅಥವಾ ಬೋರ್‌ವೆಲ್ ನೀರನ್ನು ತೊಟ್ಟಿಯಲ್ಲಿ ಕೊಡಬೇಕು. ಕೆರೆ ನೀರೇ ಗತಿಯಾದರೆ ಸೋಸಿ, ಬಸವನಹುಳುವಿಲ್ಲದ ತೊಟ್ಟಿಯಲ್ಲಿ ಎರಡು ಮೂರು ದಿನ ನಿಲ್ಲಿಸಿ ಕುಡಿಸಬಹುದು. ಕವಲು ಬಾಲದ ಮರಿ ಅಷ್ಟು ಕಾಲ ಬದುಕದು. ಗದ್ದೆಗಾಲುವೆಯ ಜೊಂಡು, ಪಾಚಿ ತೆಗೆದು ನೀರು ಹರಿಯುವಂತೆ ಮಾಡಿದರೆ ಹುಳು ಕಡಿಮೆಯಾಗುತ್ತದೆ, ಗದ್ದೆಗೆ ನೀರೂ ಸರಾಗ. ಬೇಸಗೆಯಲ್ಲಿ ಕಾಲುವೆ ಒಣಗಿತೆಂದು ನೆಮ್ಮದಿ ಬೇಡ, ಈ ಹುಳು ಕೆಸರಿನೊಳಗೆ ಹುದುಗಿ ಮಳೆಗೆ ಕಾಯಬಲ್ಲದು; ಹೂಳೆತ್ತಿ ಬಿಸಿಲಿಗೆ ಹರಡಬೇಕು. ಬಾತುಕೋಳಿ ಸಾಕಿದವರಿಗೆ ಅರ್ಧ ಕೆಲಸ ಅವೇ ಮಾಡಿಕೊಡುತ್ತವೆ. ಮೈಲುತುತ್ತವೂ ಹುಳುವನ್ನು ಕೊಲ್ಲುತ್ತದೆ, ಆದರೆ ಜೊತೆಗೆ ಮೀನನ್ನೂ ಕೊಲ್ಲುತ್ತದೆ; ಊರಿನ ಕೆರೆಗೆ ಒಬ್ಬರೇ ತೀರ್ಮಾನಿಸಿ ಸುರಿಯುವ ವಸ್ತು ಅದಲ್ಲ. ಕೆರೆ ಎಲ್ಲರದಾದ್ದರಿಂದ ಒಂದೇ ಮನೆಯ ಎತ್ತಿಗೆ ಚಿಕಿತ್ಸೆ ಮಾಡಿ ಫಲವಿಲ್ಲ. ಮಳೆಗೆ ಮುಂಚೆ ಊರಿನ ದನ, ಎಮ್ಮೆಗಳನ್ನೆಲ್ಲ ಒಟ್ಟಿಗೆ ತಪಾಸಣೆ ಮಾಡಿಸಲು ಹತ್ತಿರದ ಪಶು ಆಸ್ಪತ್ರೆಯನ್ನು ಕೇಳಿಕೊಳ್ಳಬಹುದು.