ಸ್ಪಿತಿಗೊಂದು ಅಪ್ರದಕ್ಷಿಣೆ

ಚಿಕ್ಕಮಗಳೂರಿನ ತರುಣ ವಾಚಕರೊಬ್ಬರು ಕಳುಹಿಸಿರುವ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಮುಳ್ಳಯ್ಯನಗಿರಿಯ ಏರನ್ನು ಲೀಲಾಜಾಲವಾಗಿ ಹತ್ತಬಲ್ಲ ಅವರು, ಬರುವ ಸೆಪ್ಟೆಂಬರಿನಲ್ಲಿ ಸಂಗಡಿಗರೊಡನೆ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯನ್ನು ಗ್ರಾವೆಲ್ ಸೈಕಲ್ಲಿನ ಮೇಲೆ ಸುತ್ತಿಬರಬೇಕೆಂದು ಸಂಕಲ್ಪಿಸಿದ್ದಾರೆ. ಮನಾಲಿಯಿಂದ ಹೊರಟರೆ ಸ್ಪಿತಿಯ ಮುಖ್ಯ ಊರಾದ ಕಾಜಾ ಸುಮಾರು 200 ಕಿಲೋಮೀಟರು. ಶಿಮ್ಲಾದಿಂದ ಕಿನ್ನೌರಿನ ಮಾರ್ಗವಾಗಿ ಹೋದರೆ ಅದರ ಇಮ್ಮಡಿಗೂ ಮಿಕ್ಕುದು. ಸುತ್ತನ್ನು ಹೇಗೂ ಪೂರ್ತಿಗೊಳಿಸುವುದೇ ಆದಮೇಲೆ, ಕಾಲಿನಲ್ಲಿ ಕಸುವಿರುವಾಗಲೇ ಮನಾಲಿಯ ಕಡೆಯ ಕಠಿನಭಾಗವನ್ನು ಮೊದಲು ಮುಗಿಸಿಬಿಡಬಾರದೇಕೆ ಎಂದು ಅವರು ಕೇಳುತ್ತಾರೆ.

ಬಾರದು ಎಂಬುದೇ ನನ್ನ ಉತ್ತರ. ದೇವಾಲಯದಲ್ಲಿ ಪ್ರದಕ್ಷಿಣೆ ಶುಭಕರವಾದರೂ, ಸ್ಪಿತಿಯನ್ನು ಸುತ್ತುವವನು ಶಿಮ್ಲಾದಿಂದ ಪೂರ್ವಕ್ಕೆ ಹೊರಟು, ಉತ್ತರಕ್ಕೆ ತಿರುಗಿ, ಪಶ್ಚಿಮದ ಮನಾಲಿಯಲ್ಲಿ ಇಳಿಯುವಂತೆ ಅಪ್ರದಕ್ಷಿಣವಾಗಿಯೇ ಸಾಗತಕ್ಕದ್ದು. ಇದರ ಕಾರಣವು ಕಾಲಿನ ಸ್ನಾಯುಗಳಲ್ಲಿಲ್ಲ, ಶ್ವಾಸಕೋಶದಲ್ಲಿಯೂ ಮೂತ್ರಪಿಂಡದಲ್ಲಿಯೂ ಇದೆ. ಅದನ್ನು ಮನುಷ್ಯನು ಅರಿತುಕೊಂಡ ಚರಿತ್ರೆಯಾದರೋ ಬಹು ಸ್ವಾರಸ್ಯವಾದುದು.

1648ನೆಯ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪ್ಯುಯಿ ದ ಡೋಮ್ ಎಂಬ ಬೆಟ್ಟವನ್ನು ಫ್ಲೋರಾಂ ಪೆರಿಯೇ ಎಂಬಾತನು ಪಾದರಸದ ನಳಿಗೆಯೊಂದನ್ನು ಹೊತ್ತು ಹತ್ತಿದನು. ಹಾಗೆ ಹತ್ತಿಸಿದವನು ಅವನ ಭಾವಮೈದುನನಾದ ಬ್ಲೇಸ್ ಪಾಸ್ಕಲ್. ಬೆಟ್ಟದ ಕೆಳಗಣ ಊರಿನ ಮಠದ ತೋಟದಲ್ಲಿ ಇನ್ನೊಂದು ನಳಿಗೆಯನ್ನಿರಿಸಿ, ದಿನವಿಡೀ ಅದನ್ನು ನೋಡುತ್ತಿರುವಂತೆ ಒಬ್ಬ ಸಂನ್ಯಾಸಿಯನ್ನು ನಿಯಮಿಸಿದ್ದರು. ಕೆಳಗಿನ ಪಾದರಸ ಕದಲಲಿಲ್ಲ. ಶಿಖರದ ಮೇಲಿನದು ಸುಮಾರು ಮೂರು ಅಂಗುಲ ಕುಸಿದಿತ್ತು. ವಾಯುವಿಗೆ ಭಾರವುಂಟು, ಮೇಲೇರಿದಂತೆಲ್ಲ ನಮ್ಮ ತಲೆಯ ಮೇಲಣ ಆ ಭಾರವು ತಗ್ಗುವುದು ಎಂಬುದು ಹೀಗೆ ಸಿದ್ಧವಾಯಿತು. ಇದನ್ನು ವಿವರಿಸಲು ಪಾಸ್ಕಲನು ಉಣ್ಣೆಯ ಮಹಾರಾಶಿಯೊಂದನ್ನು ಕಲ್ಪಿಸಿಕೊಳ್ಳಿ ಎಂದನು. ರಾಶಿಯ ತಳದ ಉಣ್ಣೆಯು ಮೇಲಿನದರ ತೂಕದಿಂದ ಅಮುಕಿ ದಟ್ಟವಾಗಿರುವುದು, ತುದಿಯದು ಸಡಿಲವಾಗಿ ಅರಳಿರುವುದು; ತಳದಲ್ಲಿ ಕೈಯಿಟ್ಟು ಒಂದು ಹಿಡಿ ತೆಗೆದರೆ ಎಷ್ಟೊಂದು ಎಳೆಗಳು ಬರುವುವೋ, ತುದಿಯಲ್ಲಿ ತೆಗೆದ ಹಿಡಿಯಲ್ಲಿ ಅಷ್ಟು ಬಾರವು. ಹಿಡಿಯ ಗಾತ್ರ ಒಂದೇ, ಉಣ್ಣೆಯ ಜಾತಿಯೂ ಒಂದೇ. ಬೆಟ್ಟದ ಮೇಲಣ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣವೇ ಕಡಿಮೆಯೆಂದು ಅನೇಕರು ಇಂದಿಗೂ ಹೇಳುತ್ತಿರುವುದು ತಪ್ಪು. ನೂರಕ್ಕೆ ಇಪ್ಪತ್ತೊಂದು ಪಾಲೆಂಬುದು ಕಡಲ ದಂಡೆಯಲ್ಲಿರುವಂತೆ ಮನಾಲಿಗೂ ಕಾಜಾಕ್ಕೂ ನಡುವಣ ಕುಂಜುಮ್ ಲಾ ಎಂಬ ಘಾಟಿಯಲ್ಲಿಯೂ ಇದೆ. ನಮ್ಮ ಎದೆಗೂಡಿನ ಒಂದು ಹಿಡಿಗೆ ಸಿಕ್ಕುವ ಎಳೆಗಳು ಮಾತ್ರ ಕಡಿಮೆ.

ಪಾಸ್ಕಲನಿಂದ ಸುಮಾರು ಎರಡು ಶತಮಾನಗಳ ತರುವಾಯ, ಪಾಲ್ ಬೇರ್ ಎಂಬ ಶರೀರಶಾಸ್ತ್ರಜ್ಞನು ಗಾಳಿಯನ್ನು ಹೊರಸೆಳೆಯಬಹುದಾದ ಲೋಹದ ಕೋಷ್ಠದೊಳಗೆ ಗುಬ್ಬಚ್ಚಿಗಳನ್ನೂ ಕೊನೆಗೆ ತನ್ನನ್ನೂ ಇರಿಸಿಕೊಂಡು ಪರೀಕ್ಷಿಸಿ, ಜೀವಿಯನ್ನು ಕಂಗೆಡಿಸುವುದು ಒತ್ತಡದ ಇಳಿತವಲ್ಲ, ಆ ಇಳಿತದೊಡನೆ ಆಮ್ಲಜನಕದ ಆಂಶಿಕ ಒತ್ತಡವು, ಎಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, ಇಳಿಯುವುದು ಎಂದು ನಿಸ್ಸಂದೇಹವಾಗಿ ತೋರಿಸಿದನು. ಅವನ ಕೋಷ್ಠದಲ್ಲಿ ಅಭ್ಯಾಸ ಮಾಡಿದ್ದ ಸಿವೆಲ್ ಮತ್ತು ಕ್ರೋಚೆ-ಸ್ಪಿನೆಲ್ಲಿ ಎಂಬಿಬ್ಬರು, ತಿಸ್ಸಾಂದಿಯೇ ಎಂಬ ಮೂರನೆಯವನೊಡನೆ, 1875ರ ಏಪ್ರಿಲಿನಲ್ಲಿ ‘ಜೆನಿತ್’ ಬೆಲೂನಿನಲ್ಲಿ 8,000 ಮೀಟರಿಗೂ ಮೇಲೇರಿದರು. ನೀವು ಒಯ್ಯುತ್ತಿರುವ ಆಮ್ಲಜನಕ ಸಾಲದೆಂದು ಬೇರ್ ಬರೆದ ಪತ್ರವು ತಲಪುವಷ್ಟರಲ್ಲಿ ಕಾಲ ಮಿಂಚಿತ್ತು. ಬದುಕಿ ಇಳಿದವನು ತಿಸ್ಸಾಂದಿಯೇ ಒಬ್ಬನೇ. ಆ ಮೂವರಿಗೂ ಸಂಕಟವೇನೂ ತೋರದೆ, ಬದಲಾಗಿ ಒಂದು ಬಗೆಯ ಉಲ್ಲಾಸವೇ ಆವರಿಸಿದ್ದಿತೆಂಬುದನ್ನು ಪರ್ವತಕ್ಕೆ ಹೊರಡುವ ಪ್ರತಿಯೊಬ್ಬನೂ ನೆನೆಯಬೇಕು. ಬುದ್ಧಿಯು ಮಂಕಾಗುತ್ತಿರುವುದು ಬುದ್ಧಿಗೇ ತಿಳಿಯದು.

ಇನ್ನು ಸವಾರನ ಲೆಕ್ಕ. ಆಳು, ಸೈಕಲ್ಲು, ಗಂಟುಮೂಟೆಗಳು ಕೂಡಿ 100 ಕಿಲೋಗ್ರಾಮೆಂದಿಟ್ಟುಕೊಂಡರೆ, 1,000 ಮೀಟರು ಏರುವುದಕ್ಕೆ ಗುರುತ್ವದ ವಿರುದ್ಧವೇ ಸುಮಾರು 9.8 ಲಕ್ಷ ಜೌಲು ಕೆಲಸವಾಗಬೇಕು. ಸ್ನಾಯುವು ತಾನು ವ್ಯಯಿಸುವ ಶಕ್ತಿಯ ಕಾಲುಭಾಗವನ್ನಷ್ಟೇ ಕೆಲಸವಾಗಿ ಮಾರ್ಪಡಿಸಬಲ್ಲುದಾದುದರಿಂದ ವೆಚ್ಚವು 40 ಲಕ್ಷ ಜೌಲಿನ ಹತ್ತಿರವಾಗುವುದು. ಅದಕ್ಕೆ ಬೇಕಾದ ಆಮ್ಲಜನಕ ಸುಮಾರು 200 ಲೀಟರು. ಜಲ್ಲಿಯ ಘರ್ಷಣೆ ಇದಕ್ಕೆ ಹೊರತು. ಸುಮಾರು 4,550 ಮೀಟರು ಎತ್ತರದ ಕುಂಜುಮ್ ಲಾದಲ್ಲಿ ವಾಯುವಿನ ಒತ್ತಡವು ಕಡಲಮಟ್ಟದ ನೂರಕ್ಕೆ 58ರಷ್ಟು ಮಾತ್ರ. ವಿರಳವಾದ ಗಾಳಿಯು ಸವಾರನಿಗೆ ಒಡ್ಡುವ ತಡೆಯೂ ಕಡಿಮೆಯೆಂಬುದು ನಿಜ; ಸೈಕಲ್ ಪಟು ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದ ಎತ್ತರವನ್ನರಸಿ ಹೋಗಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರು ಕ್ರಮಿಸಿದ್ದು ಆ ಲಾಭಕ್ಕಾಗಿಯೇ. ಆದರೆ ಜಲ್ಲಿಯ ಏರಿನಲ್ಲಿ ನಡಿಗೆಯ ವೇಗದಿಂದ ತೆವಳುವವನಿಗೆ ಆ ಲಾಭ ದಕ್ಕದು.

ದೇಹವು ಈ ಕೊರತೆಯನ್ನು ಸಹಿಸಿಕೊಳ್ಳುವ ಕ್ರಮ ಅದ್ಭುತವಾದುದು, ಆದರೆ ನಿಧಾನವಾದುದು. ಕತ್ತಿನ ರಕ್ತನಾಳದ ಬಳಿಯಿರುವ ಪುಟ್ಟ ಅಂಗವೊಂದು ಕೊರತೆಯನ್ನರಿತು ಉಸಿರಾಟವನ್ನು ತೀವ್ರಗೊಳಿಸುವುದು. ಈ ಅಂಗವು ಉಸಿರನ್ನು ನಿಯಂತ್ರಿಸುವ ಬಗೆಯ ಶೋಧಕ್ಕಾಗಿ ಕೋರ್ನೀಲ್ ಹೇಮನ್ಸನಿಗೆ 1938ರ ನೊಬೆಲ್ ಪಾರಿತೋಷಕ ಸಂದಿತು. ಹೀಗೆ ಉಸಿರು ಹೆಚ್ಚಿದಾಗ ಇಂಗಾಲದ ಡೈಆಕ್ಸೈಡು ಅತಿಯಾಗಿ ಹೊರಬಿದ್ದು ರಕ್ತವು ಕ್ಷಾರವಾಗುವುದು, ಆ ಕ್ಷಾರವೇ ಉಸಿರಿಗೆ ಕಡಿವಾಣ ಹಾಕುವುದು. ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹೊರಹಾಕಿ ಕಡಿವಾಣವನ್ನು ಸಡಿಲಿಸುವುದಕ್ಕೆ ಕೆಲವು ದಿನಗಳು ಹಿಡಿಯುತ್ತವೆ. ಕೆಂಪು ರಕ್ತಕಣಗಳ ವೃದ್ಧಿಗಂತೂ ವಾರಗಳೇ ಬೇಕು. ತೊಡೆಯ ಬಲದಿಂದ ಈ ಅವಧಿಯನ್ನು ಒಂದು ದಿನವೂ ಕಿರಿದುಗೊಳಿಸಲಾಗದು. ಬಲಿಷ್ಠನು ಬೇಗ ಮೇಲೇರಿ ಬೇಗ ಕಾಯಿಲೆ ಬೀಳುವನು. ಡಾ. ಇಂದರ್ ಸಿಂಗ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಎತ್ತರದ ವ್ಯಾಧಿಗೆ ತುತ್ತಾದ 1,925 ಮಂದಿಯೂ ನಮ್ಮ ಸೈನಿಕರೇ. ನಗರಗಳಲ್ಲಿ ಮಾರುವ ‘ಎತ್ತರದ ಮುಖವಾಡ’ಗಳನ್ನು ಧರಿಸಿ ವ್ಯಾಯಾಮ ಮಾಡಿದರೆ ಸಾಕೆಂಬ ಪ್ರಚಾರವನ್ನು ನಾನು ಒಪ್ಪಲಾರೆ, ಅವು ಉಸಿರಿಗೆ ಅಡ್ಡಿಮಾಡುವುವೇ ಹೊರತು ಗಾಳಿಯ ಒತ್ತಡವನ್ನು ತಗ್ಗಿಸಲಾರವು.

3,000 ಮೀಟರಿನ ಮೇಲೆ, ಮಲಗುವ ಎತ್ತರವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚಿಸದೆ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕೆಂಬುದು ವೈದ್ಯರ ನಿಯಮ. ಮನಾಲಿಯು 2,050 ಮೀಟರಿನಲ್ಲಿದೆ. ಅಲ್ಲಿಂದ ಹೊರಟವನು ಎರಡನೆಯ ರಾತ್ರಿಗೇ 4,000 ಮೀಟರಿಗೆ ಸಮೀಪವಾದ ಬಾತಾಲಿನಲ್ಲಿ ಮಲಗಬೇಕಾದೀತು, ಅಲ್ಲಿ ಕಾಯಿಲೆ ಬಿದ್ದರೆ ಕಾಜಾದ ಕಡೆಗೆ ಒಯ್ಯುವುದಕ್ಕೂ ಕುಂಜುಮ್ಮನ್ನೇ ಏರಬೇಕು. ಶಿಮ್ಲಾದ ಕಡೆಯ ದಾರಿಯಾದರೋ ಸಟ್ಲೆಜ್ ನದಿಯ ಜೊತೆಗೆ ಮೆಲ್ಲಮೆಲ್ಲನೆ ಏರುವುದು. ಕಲ್ಪಾದಲ್ಲಿ ಒಂದು ದಿನ ತಂಗಿ, ಸುಮಾರು 3,600 ಮೀಟರಿನ ನಾಕೋವನ್ನು ಹಗಲಿನಲ್ಲಿಯೇ ದಾಟಿ, ತಗ್ಗಿನಲ್ಲಿರುವ ತಾಬೋದಲ್ಲಿ ಮಲಗುವುದು ಲೇಸು. 996ರಲ್ಲಿ ಸ್ಥಾಪಿತವಾದ ಅಲ್ಲಿಯ ಬೌದ್ಧವಿಹಾರದ ಭಿತ್ತಿಚಿತ್ರಗಳಿಗಾಗಿ ಒಂದು ದಿನವನ್ನು ಮೀಸಲಿಟ್ಟರೆ ರಕ್ತಕ್ಕೂ ಹಿತ, ಕಣ್ಣಿಗೂ ಹಿತ. ಕಾಜಾದಿಂದ ಲಾಂಗ್ಜಾ, ಹಿಕ್ಕಿಮ್, ಕೋಮಿಕ್‌ಗಳನ್ನು ಸುತ್ತಿ 4,500 ಮೀಟರನ್ನು ಮುಟ್ಟಿ, ರಾತ್ರಿಗೆ ಕಾಜಾಕ್ಕೇ ಇಳಿದುಬಂದರೆ ದೇಹಕ್ಕೆ ಉತ್ತಮ ಅಭ್ಯಾಸ. ಬಳಿಕ ಲೋಸರ್, ಆಮೇಲೆ ಕುಂಜುಮ್; ಅದನ್ನು ದಾಟಿದ ಮೇಲೆ ರೋಹ್ತಾಂಗ್ ಘಾಟಿಯ ಏರೊಂದನ್ನುಳಿದು ಎಲ್ಲವೂ ಇಳಿತವೇ.

ಆ ಇಳಿತದಲ್ಲಿ, ಬಾತಾಲಿನಿಂದ ರೋಹ್ತಾಂಗಿನ ಬುಡದ ಗ್ರಾಂಫುವಿನವರೆಗಿನ ಒರಟುದಾರಿಗೆ ಅಡ್ಡಲಾಗಿ ಹರಿಯುವ ತೊರೆಗಳು ಹಿಮನದಿಗಳ ಕರಗುನೀರಿನವು. ಬಿಸಿಲು ಕರಗಿಸಿದ ನೀರು ಮಧ್ಯಾಹ್ನದ ಮೇಲೆ ಉಕ್ಕಿ ಬರುವುದರಿಂದ ಬೆಳಗ್ಗೆಯೇ ದಾಟಿಬಿಡಿ. ಶಿಮ್ಲಾದಲ್ಲಿ ತುಂಬಿಸಿದ ಟಯರು ಹೊರಗಿನ ಒತ್ತಡ ತಗ್ಗಿದುದರಿಂದ ಕುಂಜುಮ್ಮಿನಲ್ಲಿ ಚದರ ಇಂಚಿಗೆ ಮೂರು ಪೌಂಡಿನಷ್ಟು ಬಿರುಸಾಗಿರುವುದು. ಸ್ವಲ್ಪ ಗಾಳಿ ಬಿಟ್ಟರೆ ಜಲ್ಲಿಯ ಮೇಲೆ ಹಿಡಿತ ಹೆಚ್ಚುವುದು.

ಕಡೆಯದಾಗಿ, ಪ್ರಶ್ನೆ ಕೇಳಿದ ತರುಣಮಿತ್ರರಲ್ಲಿ ನನ್ನದೊಂದು ವಿಜ್ಞಾಪನೆ: ಯೋಜನೆಯಲ್ಲಿ ಎರಡು ಮೂರು ದಿನಗಳನ್ನು ಬರಿದಾಗಿ ಬಿಟ್ಟಿರಿ. ತಲೆನೋವಿನೊಡನೆ ವಾಕರಿಕೆಯಿದ್ದರೆ ಅಂದು ಮೇಲೇರಬೇಡಿ. ನಡಿಗೆ ತಡವರಿಸಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ, ರಾತ್ರಿಯಾದರೂ ಸರಿಯೇ, ಜೊತೆಗಾರನನ್ನು ಆ ಕ್ಷಣವೇ ವಾಹನದಲ್ಲಿ ಕೆಳಗಿಳಿಸಿ.